ಅಪ್‌ಡೇಟ್: ಮಧುಗಿರಿ ಕೋಟೆ ಹತ್ತಿ ಬಂದೆವು

ಮಡಿಕೇರಿಯಿಂದ ಮಧುಗಿರಿಗೆ ಹೊರಟಿದ್ದೇವೆ, ಅರವತ್ತು ದಾಟಿದ ಅಪ್ಪ ಹತ್ತಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಹಿಂದಿನ ರಾತ್ರಿ ತುಮಕೂರಿನಲ್ಲೇ ಉಳಿಯಿರಿ ಅಂದಿರಲ್ಲ, ಅದು ತುಂಬಾ ಉಪಯೋಗವಾಯಿತು. ಬೆಳಕು ಹರಿಯುತ್ತಲೇ ಹತ್ತಲು ಶುರು ಮಾಡಿದೆವು.

ನಮ್ಮ ಕೊಡಗಿನವರಿಗೆ ಒಂದು ಮಾತು. ನಮ್ಮ ತಡಿಯಂಡಮೋಳ್ ಬೆಟ್ಟದ ಎತ್ತರ 1,748 ಮೀಟರ್, ಮಧುಗಿರಿ ಸುಮಾರು 1,190. ಸುಮ್ನೆ ಅಂಕಿ ನೋಡಿ ಇದು ಸುಲಭ ಅಂದುಕೊಳ್ಳಬೇಡಿ. ಅಲ್ಲಿ ಮಣ್ಣಿನ ದಾರಿ, ಶೋಲಾ ಕಾಡಿನ ನೆರಳು. ಇಲ್ಲಿ ಬೆಟ್ಟವೇ ಒಂದು ಬೋಳು ಬಂಡೆ. ಕೆಳಗಿನ ಕೋಟೆ ಬಾಗಿಲುಗಳನ್ನು ದಾಟಿ ಮೇಲೆ ಹೋದಂತೆ ಮೆಟ್ಟಿಲು ಮುಗಿದು, ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳಷ್ಟೇ ಸಿಗುತ್ತವೆ. ಅರ್ಧ ಪಾದ ಮಾತ್ರ ಕೂರುತ್ತದೆ. ಕಬ್ಬಿಣದ ಸರಳು ಹಿಡಿದು, ಮೈ ಮುಂದಕ್ಕೆ ಬಾಗಿಸಿ ಹತ್ತಬೇಕು. ಇಳಿಯುವ ಹೊತ್ತಿಗೆ ಅದೇ ಸರಳು ಬಿಸಿಲಿಗೆ ಕಾದಿತ್ತು. ಟವೆಲ್ ಸುತ್ತಿ ಹಿಡಿದೆವು. ಇಳಿಯೋದೇ ಜಾಸ್ತಿ ಕಷ್ಟ.

ಅಪ್ಪ ಆ ಕಡಿದಾದ ಜಾಗದ ಕೆಳಗೇ ನಿಂತರು, ಚಿಕ್ಕಪ್ಪ ಜೊತೆಗಿದ್ದರು. ನಾವೂ ಬಲವಂತ ಮಾಡಲಿಲ್ಲ. ಮಂಡಿ ಗಟ್ಟಿ ಇಲ್ಲದವರು ಅಲ್ಲಿಗೇ ನಿಲ್ಲೋದು ಒಳ್ಳೆಯದು.

ತುದಿಯಲ್ಲಿ ಪಾಳು ಬಿದ್ದ ಗೋಪಾಲಕೃಷ್ಣ ದೇವಸ್ಥಾನ ಇದೆ. ಇಷ್ಟು ಎತ್ತರಕ್ಕೆ ಸಾಮಾನು ಹೊತ್ತು ಕಟ್ಟಿದವರನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂಥ ಗೋಡೆ ಮೇಲೆ ಹೆಸರು ಗೀಚಿದ್ದಾರೆ, ಹೊಟ್ಟೆ ಉರಿಯಿತು.

ಗ್ರಿಪ್ ಇರುವ ಶೂ, ಸಾಕಷ್ಟು ನೀರು ಬೇಕೇ ಬೇಕು. ಬಂಡೆ ಒದ್ದೆ ಇದ್ದರೆ ಹತ್ತಲೇಬೇಡಿ.

ಅಪ್ಪನಿಗೆ ಈಗ ಚಿತ್ರದುರ್ಗ ನೋಡುವ ಆಸೆ. ಅಲ್ಲಿ ವಯಸ್ಸಾದವರನ್ನು ಎಲ್ಲಿವರೆಗೆ ಆರಾಮಾಗಿ ಕರೆದುಕೊಂಡು ಹೋಗಬಹುದು, ಹೇಳ್ತೀರಾ?