ಸಹಾಯ ಬೇಕು: ಇಬೇ ಹರಾಜಿನಲ್ಲಿ ರಿಸರ್ವ್ ಬೆಲೆ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. ಇಬೇನಲ್ಲಿ ಒಂದು ಹಳೇ ಎಚ್‌ಎಂಟಿ ಪೈಲಟ್ ವಾಚ್ ಹರಾಜಿಗಿದೆ, ಮಾರುವವರು ಅಮೆರಿಕದವರು. ವಾಚ್ ಫ್ಯಾಕ್ಟರಿ ಇದ್ದ ತುಮಕೂರಲ್ಲೇ ಕೂತು ಅಲ್ಲಿಂದ ಎಚ್‌ಎಂಟಿ ತರಿಸೋದಾ ಅಂತ ನಗಬೇಡಿ, ಇಷ್ಟು ಚೆನ್ನಾಗಿರೋದು ಇಲ್ಲಿ ಸಿಗಲಿಲ್ಲ.

ನಾನು ಗರಿಷ್ಠ 40 ಡಾಲರ್ ಅಂತ ಹಾಕಿದ್ದೇನೆ. ಅಷ್ಟೂ ಒಂದೇ ಸಲ ಹೋಗಲ್ಲ, ಬೇರೆಯವರು ಕೂಗಿದಾಗ ಅವರಿಗಿಂತ ಒಂದು ಮೆಟ್ಟಿಲು ಮೇಲೆ ಸೈಟೇ ನನ್ನ ಪರವಾಗಿ ಏರಿಸುತ್ತದೆ, ನನ್ನ ಗರಿಷ್ಠ ಬೇರೆಯವರಿಗೆ ಕಾಣಲ್ಲ. ಇಲ್ಲಿವರೆಗೆ ಸರಿ. ಇನ್ನೊಬ್ಬರು 30ರ ತನಕ ಬಂದರು, ಬೆಲೆ 31ಕ್ಕೆ ನಿಂತಿದೆ, ಮುಂದಿರೋದು ನಾನೇ. ಆದರೂ ಕೆಳಗೆ ‘ರಿಸರ್ವ್ ನಾಟ್ ಮೆಟ್’ ಅಂತಲೇ ತೋರಿಸುತ್ತಿದೆ, ಅಂದರೆ ಮಾರುವವರು ಗುಟ್ಟಾಗಿ ಇಟ್ಟಿರೋ ಕನಿಷ್ಠ ಬೆಲೆ (ರಿಸರ್ವ್) ಇನ್ನೂ ಮುಟ್ಟಿಲ್ಲ!

ಮಾರುವವರಿಗೆ ಮೆಸೇಜ್ ಮಾಡಿ ರಿಸರ್ವ್ ಎಷ್ಟು ಅಂತ ಕೇಳಿದೆ, ಹೇಳಲ್ಲ ಅಂದರು. ಸಹಾಯ ಪುಟವನ್ನೂ ಓದಿದೆ, ತಲೆ ಇನ್ನಷ್ಟು ಕೆಟ್ಟಿತು. ಗೆಳೆಯನೊಬ್ಬ ಸುಮ್ನೆ ಇರು, ಕೊನೇ ಹತ್ತು ಸೆಕೆಂಡಲ್ಲಿ ಏರಿಸು ಅಂತಾನೆ. ನಮ್ಮ ಮನೆ ನೆಟ್ ನಂಬಿಕೊಂಡು ಅದೆಲ್ಲ ಆಗೋ ಮಾತಲ್ಲ, ಸಾಲದ್ದಕ್ಕೆ ಹರಾಜು ಮುಗಿಯೋದು ನಮ್ಮ ಟೈಮಿಗೆ ನಡುರಾತ್ರಿ. ಸಾಗಾಣಿಕೆ, ಕಸ್ಟಮ್ಸ್ ಖರ್ಚು ಬೇರೆ ಇರೋದರಿಂದ 55ಕ್ಕಿಂತ ಜಾಸ್ತಿ ನನ್ನಿಂದ ಆಗಲ್ಲ.

ಇಬೇನಲ್ಲಿ ಹೀಗೆ ಕೊಂಡವರು ಹೇಳಿ: ರಿಸರ್ವ್ ಮುಟ್ಟಿದೆಯಾ ಅಂತ ನೋಡೋದು ಈಗ ಕಾಣುವ 31ರಿಂದಲೋ, ನಾನು ಹಾಕಿದ 40ರಿಂದಲೋ? 40ರಿಂದಲೇ ಆದರೆ, ಈಗಲೇ 55ಕ್ಕೆ ಏರಿಸಿದರೆ ಬೆಲೆ ನೇರವಾಗಿ ರಿಸರ್ವ್‌ಗೆ ಹಾರುತ್ತಾ, ಇಲ್ಲ 31ರಲ್ಲೇ ಇರುತ್ತಾ?