ಜಾಸ್ ಪೇಪರ್: ಧೂಪದ ಕಾಗದವೇ, ಸುಡುಗಾಗದವೇ?

ಪ್ರಶ್ನೆ: ಚೀನಾದ ಕಡಲ ಸುಂಕದವರು 19ನೇ ಶತಮಾನದಲ್ಲಿ ಇಟ್ಟ ರಫ್ತು ಪಟ್ಟಿಗಳಲ್ಲಿ ‘ಜಾಸ್ ಪೇಪರ್’ ಎಂಬ ಸರಕು ಬರುತ್ತದೆ, ತೂಕ ಪಿಕುಲ್‌ನಲ್ಲಿದೆ. ‘ಧೂಪದ ಕಾಗದ’ ಎನ್ನಬಹುದೇ? ಪಿಕುಲ್ ಎಂದರೆ ಎಷ್ಟು?

ಉತ್ತರ: ಪಿಕುಲ್ ಎಂದರೆ 100 ಕ್ಯಾಟಿ (ಕ್ಯಾಟಿ ಚೀನಾದ ಹಳೆಯ ತೂಕದಳತೆ), ಸುಮಾರು 60.5 ಕಿಲೋ. ಧೂಪದ ಕಾಗದ ಮಾತ್ರ ಬೇಡ, ಇದರಲ್ಲಿ ಪರಿಮಳವೇ ಇಲ್ಲ; ಇದು ಚೀನೀಯರು ದೇವರಿಗೂ ಸತ್ತವರಿಗೂ ಹಣವೆಂದು ಸುಡುವ ಕಾಗದ. ‘ಜಾಸ್’ ಬಂದದ್ದು ದೇವರು ಎಂಬರ್ಥದ ಪೋರ್ಚುಗೀಸ್ ಪದದಿಂದ, ಬಂದರುಗಳ ಬೆರಕೆ ಮಾತಿನ ಮೂಲಕ. ಚೀನೀಯರೇ ಇದನ್ನು ‘ಹುವೊಝಿ’, ಅಂದರೆ ಬೆಂಕಿಕಾಗದ ಎಂದೂ ಕರೆದಿದ್ದಾರೆ. ಹಾಗಾಗಿ ‘ಸುಡುಗಾಗದ’ ನನಗೆ ಸರಿಯೆನಿಸುತ್ತದೆ.

ಚೀನೀ ವಿದ್ವಾಂಸ ಸಾಂಗ್ ಯಿಂಗ್‌ಶಿಂಗ್ 1637ರಲ್ಲಿ ಬರೆದ ಕೈಗಾರಿಕಾ ಗ್ರಂಥದಲ್ಲಿ ಇದರ ತಯಾರಿಕೆ ವಿವರವಾಗಿಯೇ ಇದೆ. ಇದು ಬಿದಿರಿನ ಕಾಗದ, ಅದಕ್ಕೆ ಚೀನಾದ ಫುಜಿಯಾನ್ ಪ್ರಾಂತ್ಯ ಹೆಸರುವಾಸಿ. ಇನ್ನೇನು ಕವಲೆಲೆ ಒಡೆಯಬೇಕು ಎನ್ನುವಾಗಲೇ ಎಳೆಬಿದಿರನ್ನು ಕಡಿಯಬೇಕು. ಬಲಿತರೆ ನಾರು ಗಡುಸಾಗಿ ಅರೆಯಲು ಬಗ್ಗುವುದಿಲ್ಲ. ತುಂಡುಗಳನ್ನು 100 ದಿನ ಹೊಂಡದಲ್ಲಿ ನೆನೆಸಿ, ಜಜ್ಜಿ ಹಸಿರು ತೊಗಟೆ ತೆಗೆದು, ಸುಣ್ಣ ಹಚ್ಚಿ 8 ಹಗಲು 8 ರಾತ್ರಿ ಬೇಯಿಸುತ್ತಾರೆ. ತೊಳೆದು ಬೂದಿನೀರಿನಲ್ಲಿ ಮತ್ತೆ ಹತ್ತಕ್ಕೂ ಹೆಚ್ಚು ದಿನ ಬೇಯಿಸಿ, ಕೆಸರಿನಂತಾಗುವವರೆಗೆ ಕುಟ್ಟಿ, ಬಿದಿರುಕಡ್ಡಿಯ ಜರಡಿಯಲ್ಲಿ ಹಾಳೆ ಎತ್ತುತ್ತಾರೆ. ಬರೆಯುವ ಕಾಗದವನ್ನಾದರೆ ಬಿಸಿಗೋಡೆಗೆ ಅಂಟಿಸಿ ಒಣಗಿಸಬೇಕು. ಸುಡುಗಾಗದಕ್ಕೆ ಆ ಸೌದೆಖರ್ಚಿಲ್ಲ: ಒತ್ತಿ ನೀರಿಳಿಸಿ ಬಿಸಿಲಿಗೆ ಹರಡಿದರೆ ಮುಗಿಯಿತು. ಈ ಕಾಗದದಲ್ಲಿ ಹತ್ತಕ್ಕೆ ಏಳು ಪಾಲು ಸತ್ತವರಿಗಾಗಿ ಸುಡುವುದಕ್ಕೇ ಹೋಗುತ್ತಿತ್ತೆಂದು ಅವನೇ ಬರೆದಿದ್ದಾನೆ.

ಇನ್ನೊಂದು ಉತ್ತರ: ‘ಸುಡುಗಾಗದ’ ನನಗೂ ಒಪ್ಪಿಗೆ. ‘ಶ್ರಾದ್ಧದ ಕಾಗದ’ ಎಂದು ಬರೆದವರನ್ನೂ ನೋಡಿದ್ದೇನೆ, ಅದು ಅರ್ಧ ಮಾತ್ರ ನಿಜ. ತೈವಾನ್‌ನಲ್ಲಿ ಬೆಳ್ಳಿಕಾಗದ ಪಿತೃಗಳಿಗೆ ಮತ್ತು ಪ್ರೇತಗಳಿಗೆ, ಚಿನ್ನದ ಕಾಗದ ದೇವರಿಗೆ. ಆ ಬೆಳ್ಳಿ ಬೆಳ್ಳಿಯಲ್ಲ, ಬಡಿದು ತೆಳುಮಾಡಿದ ತವರದ ರೇಕು. ಅದರ ಮೇಲೆ ಹಳದಿ ಲೇಪ ಬಳಿದರೆ ‘ಚಿನ್ನ’. ಚೀನಾದ ಹಾಂಗ್‌ಝೌ, ಶಾವೋಶಿಂಗ್ ನಗರಗಳು ಈ ರೇಕಿಗೆ ಹೆಸರಾಗಿದ್ದವು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ಬೂದಿಯಲ್ಲಿ ಉಳಿಯುವುದರಿಂದ ಆ ಬೂದಿಯನ್ನೂ ಕೊಂಡು ತವರ ತೆಗೆಯುವವರಿದ್ದರು. ಕಾಗದದ ಕಟ್ಟನ್ನು ಬಿಡಿಸದೆ ಬೆಂಕಿಗೆ ಹಾಕಿದರೆ ಅಂಚು ಕಪ್ಪಾಗಿ ನಡುವಿನ ಹಾಳೆಗಳು ಸುಡದೇ ಉಳಿಯುತ್ತವೆ, ಗಾಳಿ ಒಳಹೋಗದಲ್ಲ. ಹಾಳೆಗಳನ್ನು ಬಿಡಿಬಿಡಿಯಾಗಿ ಮಡಚುವುದರ ಉಪಯೋಗವೂ ಇದೇ. ಕೋಲಿನಿಂದ ಕೆದಕಿದರೆ ಹಣ ಹರಿದುಹೋಗುತ್ತದೆಂಬ ನಂಬಿಕೆಯಿರುವುದರಿಂದ ಕೆದಕುವಂತೆಯೂ ಇಲ್ಲ.

ಸಿಂಗಾಪುರ, ಪೆನಾಂಗ್‌ಗಳಿಗೆ ಹೋದ ಫುಜಿಯಾನ್ ವಲಸಿಗರಿಗೂ ಇದು ಬೇಕಿತ್ತು, ರಫ್ತು ಪಟ್ಟಿ ಸೇರಿದ್ದು ಅದಕ್ಕೇ. ಅದೇ ಪಟ್ಟಿಯಲ್ಲಿ ‘ಜಾಸ್ ಸ್ಟಿಕ್ಸ್’ ಸಿಕ್ಕರೆ ಹೊಸ ಪದ ಹುಡುಕಬೇಡಿ, ಅದು ಊದುಬತ್ತಿ.