ಅಪ್‌ಡೇಟ್: ಎರಡು ರೂಟರಿಗೂ ಒಂದೇ ವೈಫೈ ಹೆಸರು ಇಟ್ಟ ಮೇಲೆ

ಮಹಡಿಗೆ ಹೋದರೂ ಫೋನ್ ಕೆಳಗಿನ ರೂಟರನ್ನೇ ಹಿಡಿದುಕೊಂಡಿರುತ್ತದೆ, ಎರಡಕ್ಕೂ ಒಂದೇ ಹೆಸರು ಇಡಬಹುದಾ ಎಂದು ಕೇಳಿದ್ದೆ. ಇಟ್ಟೆ. ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಮೂರೂ ಒಂದೇ. ಚಾನಲ್ (ರೂಟರ್ ಬಳಸುವ ರೇಡಿಯೋ ತರಂಗದ ಪಟ್ಟಿ) ಮಾತ್ರ ಬೇರೆ: ಕೆಳಗೆ 1, ಮೇಲೆ 11. ಮೇಲಿನದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ, ಅಂದರೆ ಅದು ಬೇರೆ ನೆಟ್‌ವರ್ಕ್ ಮಾಡದೆ ಕೆಳಗಿನ ರೂಟರಿನದನ್ನೇ ಹಂಚುತ್ತದೆ.

ಆದರೂ ಮೊದಲ ದಿನ ಫೋನ್ ಕದಲಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ನೋಡಿದೆ. ಸಿಗ್ನಲ್ ಮೈನಸ್ 72 ಡಿಬಿಎಂಗೆ (ಡಿಬಿಎಂ ಸಿಗ್ನಲ್ ಬಲದ ಅಳತೆ; ಇದು ದುರ್ಬಲ ಸಿಗ್ನಲ್) ಇಳಿದರೂ ಕೆಳಗಿನದಕ್ಕೇ ಅಂಟಿಕೊಂಡಿತ್ತು. ಯಾವಾಗ ಬಿಡಬೇಕು ಅಂತ ಕೊನೆಗೆ ತೀರ್ಮಾನಿಸುವುದು ಫೋನೇ ಅಲ್ವಾ, ಸುಮ್ನೆ ಹೆಸರು ಒಂದೇ ಆದರೆ ಸಾಲದು. ಕೆಳಗಿನ ರೂಟರಿನ ಸಿಗ್ನಲ್ ಪವರ್ ಜಾಸ್ತಿ ಇತ್ತು, ಒಂದು ಹಂತ ಇಳಿಸಿದೆ. ಈಗ ಅರ್ಧ ಮೆಟ್ಟಿಲಲ್ಲೇ ಬದಲಾಗುತ್ತದೆ. ವಿಡಿಯೋ ಕಾಲ್ ಅರೆಕ್ಷಣ ತಡವರಿಸಿ ಮುಂದುವರಿಯುತ್ತದೆ, ಅಷ್ಟೇ. ತುಂಬಾ ಖುಷಿಯಾಯಿತು!

ಹಳೆಯ ಲ್ಯಾಪ್‌ಟಾಪ್ ಮಾತ್ರ ಇನ್ನೂ ಹಠ ಹಿಡಿದಿದೆ. ಅದರಲ್ಲಿ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡುತ್ತೇನೆ.